ಕವಡೆ ಕೈಕೊಟ್ಟಾಗ ತಲೆ ಕೈಕೊಡದಂಗೆ ಆಡೋದು ಹೇಗೆ

ಶಿವರಾತ್ರಿ ಜಾಗರಣೆ, ರಾತ್ರಿ ಸುಮಾರು ಎರಡೂವರೆ ಇರ್ಬೇಕು, ಹಾಲ್‌ನಲ್ಲಿ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರ್ಕೊಂಡು ನಾಲ್ಕು ಜನ ಕೂತಿದ್ವಿ. ನನ್ನ ಒಂದು ಕಾಯಿ ಆಗ್ಲೇ ಹಣ್ಣಾಗಿತ್ತು, ಇನ್ನೊಂದು ಹೊರಸುತ್ತು ಮುಗಿಸಿ ಇನ್ನೇನು ಒಳಗೆ ಹೋಗ್ಬೇಕು. ನಮ್ಮ ಸೋದರತ್ತೆ ಕಾಯಿ 11 ಮನೆ ಹಿಂದೆ ಇತ್ತು. ಅವ್ರು ನನ್ನನ್ನ ಕಡೀಬೇಕು ಅಂದ್ರೆ ಮೊದ್ಲು 8 ಬೀಳ್ಬೇಕು, ಆಮೇಲೆ ಸಿಗೋ ಇನ್ನೊಂದು ಎಸೆತದಲ್ಲಿ ಸರಿಯಾಗಿ 3 ಬೀಳ್ಬೇಕು. ಅತ್ತೆ ಎಲೆ ಅಡಿಕೆ ಜಗೀತಾ, ಯಾವ್ದೋ ಮದುವೆ ಸುದ್ದಿ ಹೇಳ್ತಾ, ನೋಡ್ದೇನೂ ಇಲ್ಲ, ಎಸೆದ್ರು. 8. ಮತ್ತೆ ಎಸೆದ್ರು. 3.

ಮನೆಯೆಲ್ಲಾ ನಗು. ಅದು ದುರಾದೃಷ್ಟ, ಒಪ್ಕೋತೀನಿ, ಆದ್ರೆ ನಾನು ಆ ಆಟ ಸೋತಿದ್ದು ಅಲ್ಲಲ್ಲ. ಸೋತಿದ್ದು ಆಮೇಲಿನ ಮೂರು ಸರದೀಲಿ. ಕಟ್ಟೆ ಮೇಲೆ ಸೇಫಾಗಿ ಕೂತಿದ್ದ ಮೂರನೇ ಕಾಯಿನ ಕೆಳಗಿಳಿಸಿ ಅತ್ತೆ ಹಿಂದೆ ಬಿದ್ದೆ, ಹೋಗಿ ಅತ್ತಿಗೆ ಕಾಯಿಗೆ ಸರಿಯಾಗಿ ಎರಡು ಮನೆ ಮುಂದೆ ನಿಲ್ಲಿಸ್ದೆ, ಅದೂ ಕಡಿಸ್ಕೊಂಡೆ, ಆಮೇಲೆ "ಈ ಕವಡೆನೇ ಸರಿ ಇಲ್ಲ" ಅಂತ ಜಗಳ ಬೇರೆ. ಅತ್ತೆ ಕವಡೆ ಕಡಿದಿದ್ದು ಒಂದು ಕಾಯಿ, ನಾನಾಗೇ ಹೋಗಿ ಕಡಿಸ್ಕೊಂಡಿದ್ದು ಇನ್ನೊಂದು.

ಈ ಲೇಖನ ಪೂರ್ತಿ ಆ ಮೂರು ಸರದಿ ಬಗ್ಗೆನೇ. ಅದೃಷ್ಟ ಹೆಂಗೆ ತರೋದು ಅಂತ ನಂಗೆ ಗೊತ್ತಿಲ್ಲ, ಕೆಟ್ಟ ಎಸೆತ ಆದ್ಮೇಲೆ ಮುಂದಿನ ಮೂರು ಸಲ ತಲೆ ನೆಟ್ಟಗಿಟ್ಕೊಂಡು ಹೆಂಗೆ ಆಡೋದು ಅಂತ ಮಾತ್ರ ಸ್ವಲ್ಪ ಗೊತ್ತು, ಅದೂ ಸುಮಾರು ಸೋತ ಮೇಲೆ. ಪೋಕರ್ ಆಡೋರು ಇದಕ್ಕೆ ಟಿಲ್ಟ್ ಅಂತಾರೆ. ಹಳೇ ಪಿನ್‌ಬಾಲ್ ಮೆಷಿನ್‌ನಿಂದ ಬಂದ ಪದ, ಚೆಂಡು ಕೆಳಗೆ ಬಿದ್ದೋಗತ್ತೆ ಅಂತ ಮೆಷಿನ್ನೇ ಹಿಡಿದು ಅಲ್ಲಾಡಿಸಿದ್ರೆ ಟಿಲ್ಟ್ ಅಂತ ಲೈಟ್ ಹತ್ಕೊಂಡು ಆಮೇಲೆ ಬಟನ್ ಎಷ್ಟು ಕುಟ್ಟಿದ್ರೂ ಏನೂ ಅಲ್ಲಾಡ್ತಿರ್ಲಿಲ್ಲ. ನಮ್ಮಲ್ಲಿ ತಲೆ ಕೆಟ್ಟು ಆಡೋದು ಅಂತೀವಲ್ಲ, ಅದೇ.

ಮೊದಲನೇದು: ತಲೆ ತಣ್ಣಗಿರೋವಾಗ್ಲೇ ಒಂದ್ಸಲ ಲೆಕ್ಕ ಹಾಕಿಟ್ಕೊಳ್ಳಿ

ಇದನ್ನ ಆಟದ ಮಧ್ಯೆ ಮಾಡೋಕಾಗಲ್ಲ, ಮನೇಲಿ ಕಾಫಿ ಕುಡೀತಾ ಮಾಡ್ಬೇಕು. ಕೋಪ ಬರೋದು ಎಷ್ಟೋ ಸಲ "ಹಿಂಗೆ ಆಗೋಕೆ ಸಾಧ್ಯನೇ ಇಲ್ಲ" ಅಂತ ಅನ್ಸೋದ್ರಿಂದ. ಸಾಧ್ಯ ಇದೆ, ಅದೂ ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಇದೆ ಅಂತ ಮೊದ್ಲೇ ಗೊತ್ತಿದ್ರೆ ಅರ್ಧ ಕೋಪ ಹುಟ್ಟೋದೇ ಇಲ್ಲ.

ಲೂಡೋ ತಗೊಳ್ಳಿ. ಆರು ಬೀಳ್ದೆ ಕಾಯಿ ಹೊರಗೆ ಬರಲ್ಲ. ಹತ್ತು ಸಲ ಎಸೆದ್ರೂ ಒಂದೂ ಆರು ಬೀಳ್ದೆ ಇರೋ ಸಾಧ್ಯತೆ ಒಬ್ಬರಿಗೆ ಸುಮಾರು ನೂರಕ್ಕೆ 16. ಕಮ್ಮಿ ಅನ್ಸತ್ತೆ ಅಲ್ವಾ? ಆದ್ರೆ ಆಡ್ತಿರೋರು ನಾಲ್ಕು ಜನ. ನಾಲ್ಕರಲ್ಲಿ ಯಾರಾದ್ರೂ ಒಬ್ಬರಿಗೆ ಮೊದಲ ಹತ್ತು ಸರದೀಲಿ ಆರೇ ಬೀಳ್ದೆ ಇರೋ ಸಾಧ್ಯತೆ ಲೆಕ್ಕ ಹಾಕಿದ್ರೆ ನೂರಕ್ಕೆ 50 ಬರತ್ತೆ. ಅಂದ್ರೆ ನಾಲ್ಕು ಜನ ಕೂತ್ರೆ ಹೆಚ್ಚುಕಮ್ಮಿ ಎರಡು ಆಟಕ್ಕೊಂದ್ಸಲ ಯಾರೋ ಒಬ್ರು ಹತ್ತು ಸರದಿ ಮುಖ ಊದಿಸ್ಕೊಂಡು ಕೂತಿರ್ಲೇಬೇಕು. ಇವತ್ತು ನಿಮ್ಮ ಸರದಿ, ಅಷ್ಟೇ. "ಆ್ಯಪ್‌ನೋರು ಬೇಕು ಅಂತ್ಲೇ ನಂಗೆ ಆರು ಕೊಡ್ತಿಲ್ಲ" ಅನ್ನೋ ಮುಂಚೆ ಈ ಲೆಕ್ಕ ನೆನಪಿಸ್ಕೊಳ್ಳಿ.

ಚೌಕಾಬಾರದಲ್ಲಿ ನಾಲ್ಕು ಕವಡೆ, ಸಮವಾಗಿ ಬೀಳತ್ತೆ ಅಂದ್ಕೊಂಡ್ರೆ ಒಟ್ಟು 16 ಥರ ಬೀಳ್ಬಹುದು. ಅದ್ರಲ್ಲಿ ಎರಡು ಬೀಳೋದು 6, ಒಂದು ಬೀಳೋದು 4, ಮೂರು ಬೀಳೋದು 4, ಚೌಕಾ ಅಂದ್ರೆ ನಾಲ್ಕು ಬೀಳೋದು ಒಂದೇ ಒಂದು, 8 ಒಂದೇ ಒಂದು. ಅತ್ತೆ ಎಸೆದ 8 ಮತ್ತೆ 3 ಅಂದ್ರೆ 64ಕ್ಕೆ ಒಂದು. ಒಂದು ರಾತ್ರಿಗೆ ಎಷ್ಟು ನೂರು ಸಲ ಕವಡೆ ಎಸೀತೀವಿ ನೋಡ್ಕೊಳ್ಳಿ, ಒಂದಲ್ಲ ಒಂದು ಎಸೆತ ಹಂಗೆ ಬಿದ್ದೇ ಬೀಳತ್ತೆ. ನಮಗೆ ಬಿದ್ದಾಗ ನಮ್ಮ ಕೈಗುಣ, ಅವ್ರಿಗೆ ಬಿದ್ದಾಗ ಮೋಸ.

ಇದಕ್ಕಿಂತ ದೊಡ್ಡ ಉದಾಹರಣೆ ಬೇಕು ಅಂದ್ರೆ ಕ್ರಿಕೆಟ್ ಟಾಸ್. 2023ರ ನವೆಂಬರ್ 19ರ ವರ್ಲ್ಡ್ ಕಪ್ ಫೈನಲ್‌ನಿಂದ ಶುರುವಾಗಿ ಭಾರತ ಒನ್‌ಡೇಲಿ ಸತತ 20 ಟಾಸ್ ಸೋತ್ರು, 2025ರ ಡಿಸೆಂಬರ್ 6ಕ್ಕೆ ವಿಶಾಖಪಟ್ಟಣದಲ್ಲಿ ನಮ್ಮ ಕೆ.ಎಲ್. ರಾಹುಲ್ ಕ್ಯಾಪ್ಟನ್ ಆಗಿದ್ದಾಗ ಅದು ಮುರೀತು. 20 ಸಲ ಸತತ ಸೋಲೋದು ಅಂದ್ರೆ ಹತ್ತು ಲಕ್ಷದ ನಲವತ್ತೆಂಟು ಸಾವಿರ ಚಿಲ್ರೆಗೆ ಒಂದು. ಆದ್ರೆ ನೋಡಿ, ಆ ಸೋಲಿನ ಸಾಲಿನ ಮಧ್ಯದಲ್ಲೇ 2025ರ ಚಾಂಪಿಯನ್ಸ್ ಟ್ರೋಫಿ ಬಂದು ಹೋಯ್ತು, ಐದು ಮ್ಯಾಚ್, ಐದಕ್ಕೈದೂ ಟಾಸ್ ಸೋಲು, ಐದಕ್ಕೈದೂ ಮ್ಯಾಚ್ ಗೆಲುವು. ನಾಲ್ಕು ಚೇಸ್ ಮಾಡಿ ಗೆದ್ರು, ನ್ಯೂಜಿಲೆಂಡ್ ಮೇಲೆ ಲೀಗ್ ಮ್ಯಾಚಲ್ಲಿ 249 ಹೊಡೆದು ಅದನ್ನ ಉಳಿಸ್ಕೊಂಡ್ರು. ನಾಣ್ಯ ಒಂದು ಕೆಲಸ ಮಾಡ್ತು, ಬ್ಯಾಟು ಬಾಲು ಇನ್ನೊಂದು ಕೆಲಸ ಮಾಡ್ತು.

ಇನ್ನೊಂದು ವಿಷಯ, ಕವಡೆಗಾಗ್ಲಿ ದಾಳಕ್ಕಾಗ್ಲಿ ನೆನಪಿನ ಶಕ್ತಿ ಇಲ್ಲ. ಹತ್ತು ಸಲ ಆರು ಬೀಳ್ಲಿಲ್ಲ ಅಂತ ಹನ್ನೊಂದನೇ ಸಲ ಅದು ಪಾಪ ಅಂತ ಬೀಳಲ್ಲ, ಆಗ್ಲೂ ಆರರಲ್ಲಿ ಒಂದೇ. "ಇಷ್ಟೊತ್ತು ಬಿದ್ದಿಲ್ಲ, ಈಗ ಬೀಳ್ಲೇಬೇಕು" ಅಂತ ನಂಬ್ಕೊಂಡು ಒಂದು ಕಾಯಿನ ಬಯಲಲ್ಲಿ ಬಿಟ್ಟು ಕೂರೋದಿದೆಯಲ್ಲ, ಅದು ದುರಾದೃಷ್ಟ ಅಲ್ಲ, ತಪ್ಪು ಆಟ.

ಎರಡನೇದು: ಕೈ ಕೆಳಗಿಡಿ

ಇದು ಚಿಕ್ಕದು, ಆದ್ರೆ ನಂಗೆ ಜಾಸ್ತಿ ಕೆಲಸಕ್ಕೆ ಬಂದಿದ್ದು ಇದೇ. ಕೋಪ ಬಂದಾಗ ಕೈ ಬೇಗ ಓಡತ್ತೆ ಗಮನಿಸಿದೀರಾ? ಕಾಯಿ ಕಡಿಸ್ಕೊಂಡ ತಕ್ಷಣ ಕವಡೆ ಕಿತ್ಕೊಂಡು ಎಸೀತೀವಿ, ರಮ್ಮೀಲಿ ಎಲೆ ಎಳ್ದು ಪೂರ್ತಿ ನೋಡೋ ಮುಂಚೆನೇ ಬಿಸಾಕ್ತೀವಿ. ಹಂಗಾಗಿ ನಾನು ಒಂದು ರೂಲ್ ಮಾಡ್ಕೊಂಡಿದೀನಿ, ಕೆಟ್ಟದ್ದು ಏನಾದ್ರೂ ಆದ್ರೆ ಮುಂದಿನ ಸರದಿ ಬಂದಾಗ ಎರಡೂ ಕೈ ತೊಡೆ ಮೇಲೆ. ಮೂಗಲ್ಲಿ ಉಸಿರು ಎಳ್ಕೊಂಡು, ಎಳ್ಕೊಂಡಿದ್ದಕ್ಕಿಂತ ನಿಧಾನವಾಗಿ, ಉದ್ದಕ್ಕೆ ಬಿಡೋದು, ಮೂರು ಸಲ. ಉಸಿರು ಬಿಡೋವಾಗ ಎದೆ ಬಡಿತ ಸ್ವಲ್ಪ ಇಳಿಯತ್ತೆ, ಎಳ್ಕೊಳ್ಳೋವಾಗ ಏರತ್ತೆ, ಅದಕ್ಕೇ ಬಿಡೋದು ಉದ್ದ ಇರ್ಬೇಕು ಅನ್ನೋದು. ಯಾರಿಗೂ ಗೊತ್ತಾಗಲ್ಲ, ಯೋಚನೆ ಮಾಡ್ತಿದಾನೆ ಅಂದ್ಕೋತಾರೆ. ಪಕ್ಕದಲ್ಲಿ ಒಂದು ಲೋಟ ನೀರಿದ್ರೆ ಇನ್ನೂ ಒಳ್ಳೇದು.

ಫೋನಲ್ಲಿ ಆಡೋರು ಎಮೋಜಿ, ಚಾಟ್ ಆಫ್ ಮಾಡಿ. ಕಾಯಿ ಕಡಿದು ಆ ಹಲ್ಲು ಕಿರಿಯೋ ಎಮೋಜಿ ಕಳಿಸ್ತಾರಲ್ಲ, ಆಟ ಹಾಳಾಗೋದು ಅರ್ಧ ಅದ್ರಿಂದಾನೇ.

ಮೂರನೇದು: "ಸ್ವಲ್ಪ ನನ್ನ ಕೈ ನೋಡ್ಕೋ"

ಮದುವೆ ಛತ್ರದಲ್ಲಿ ಹಿಂದಿನ ರಾತ್ರಿ ಇಸ್ಪೀಟ್ ಆಡೋವಾಗ ಯಾರಾದ್ರೂ ಎದ್ದು ಹೋಗ್ತಾ ಪಕ್ಕದವ್ರಿಗೆ ಎಲೆ ಕೊಟ್ಟು "ಸ್ವಲ್ಪ ನನ್ನ ಕೈ ನೋಡ್ಕೋ, ಬಂದೆ" ಅಂತಾರಲ್ವಾ. ಆ ಪಕ್ಕದವ್ರು ಎಷ್ಟು ಚೆನ್ನಾಗಿ ಆಡ್ತಾರೆ ನೋಡಿ. ಯಾಕಂದ್ರೆ ಅವ್ರಿಗೆ ಹಿಂದಿನ ಆಟದಲ್ಲಿ ನಿಮಗೇನಾಯ್ತು ಅಂತ ಗೊತ್ತಿಲ್ಲ, ಯಾರ ಮೇಲೂ ಸಿಟ್ಟಿಲ್ಲ, ಕೈಲಿರೋ 13 ಎಲೆ ಮಾತ್ರ ಕಾಣತ್ತೆ.

ಉಸಿರು ಬಿಟ್ಟಾದ್ಮೇಲೆ ಇದನ್ನ ಮಾಡಿ. ಈ ಆಟನ ಇಷ್ಟೊತ್ತು ಬೇರೆ ಯಾರೋ ಆಡ್ತಿದ್ರು, ಅವ್ರು ಎದ್ದು ಹೋದ್ರು, ನಾನು ಈಗ ಬಂದು ಕೂತೆ. ನನ್ನ ಕಾಯಿ ಎಲ್ಲೆಲ್ಲಿದೆ? ಯಾವ್ದು ಕಟ್ಟೆ ಮೇಲಿದೆ, ಯಾವ್ದು ಬಯಲಲ್ಲಿದೆ? ನನ್ನ ಹಿಂದೆ ಯಾರು ಎಷ್ಟು ಮನೆ ದೂರ ಇದಾರೆ? ಮನಸ್ಸಲ್ಲೇ ಎಣಿಸಿ, ಬೆರಳು ಬೇಡ. ಎಣಿಸೋದು ಯಾಕೆ ಅಂದ್ರೆ ಎಣಿಸ್ತಾ ಎಣಿಸ್ತಾ ಬೈಯೋಕಾಗಲ್ಲ, ಎರಡೂ ಒಟ್ಟಿಗೆ ಮಾಡೋ ಶಕ್ತಿ ನಮ್ಮ ತಲೇಗಿಲ್ಲ.

ನಾಲ್ಕನೇದು: ಆ ಮೂರು ಸರದೀಲಿ ಏನು ಮಾಡ್ಬಾರ್ದು ಅಂತ ಮೊದ್ಲೇ ಬರ್ದಿಟ್ಕೊಳ್ಳಿ

ತಲೆ ಕೆಟ್ಟಾಗ ನಾವು ಹೊಸ ಹೊಸ ತಪ್ಪೇನೂ ಮಾಡಲ್ಲ, ಅದೇ ಹಳೇ ಎರಡು ಮೂರು ತಪ್ಪು ತಿರುಗಾ ತಿರುಗಾ ಮಾಡ್ತೀವಿ. ಅದಕ್ಕೇ ಇದನ್ನ ಹಿಡಿಯೋದು ಸುಲಭ.

ಚೌಕಾಬಾರದಲ್ಲಿ, ಲೂಡೋದಲ್ಲಿ ಆ ತಪ್ಪಿನ ಹೆಸರು ಸೇಡು. ನನ್ನನ್ನ ಕಡಿದೋರನ್ನೇ ಕಡೀಬೇಕು ಅಂತ ಹೊರಡೋದು. ಅತ್ತೆ ಮುಂದಿದಾರೋ ಹಿಂದಿದಾರೋ, ಅವ್ರನ್ನ ಕಡಿದ್ರೆ ನಂಗೆ ಲಾಭ ಇದೆಯೋ ಇಲ್ವೋ, ಯಾವ್ದೂ ಬೇಕಿಲ್ಲ. ನಿಜವಾಗ್ಲೂ ಆಟ ಗೆಲ್ಲೋ ಹತ್ರ ಇದ್ದಿದ್ದು ಮೂಲೇಲಿ ಸುಮ್ನೆ ಕೂತಿದ್ದ ಅತ್ತಿಗೆ, ಅವ್ರ ಕಡೆ ನಾನು ತಿರುಗಿನೂ ನೋಡ್ಲಿಲ್ಲ. ಹಂಗಾಗಿ ರೂಲ್: ಕಡಿಸ್ಕೊಂಡ ಮೇಲೆ ಮೂರು ಸರದಿ, ಕಟ್ಟೆ ಮೇಲಿರೋ ಕಾಯಿ ಕೆಳಗಿಳಿಸೋ ಹಂಗಿಲ್ಲ, ಬೇರೆ ದಾರಿನೇ ಇಲ್ಲ ಅನ್ನೋವರೆಗೂ.

ಬಯಲಲ್ಲಿ ನಿಲ್ಲಲೇಬೇಕು ಅಂದ್ರೆ ಎಲ್ಲಿ ನಿಲ್ಬೇಕು? ಮೇಲಿನ 16ರ ಲೆಕ್ಕ ಇಲ್ಲಿ ಕೆಲಸಕ್ಕೆ ಬರತ್ತೆ. ಎದುರಾಳಿ ಕಾಯಿಗೆ ಎರಡು ಮನೆ ಮುಂದೆ ನಿಂತ್ರೆ 16ಕ್ಕೆ 6, ಅಂದ್ರೆ ಕಡಿಸ್ಕೊಳ್ಳೋಕೆ ಅರ್ಜಿ ಹಾಕ್ದಂಗೆ. ಒಂದು ಅಥವಾ ಮೂರು ಮನೆ ಮುಂದೆ ಅಂದ್ರೆ 16ಕ್ಕೆ 4. ಅದೇ ನಾಲ್ಕು ಮನೆ ಮುಂದೆ ನಿಂತ್ರೆ 16ಕ್ಕೆ ಒಂದೇ. ಐದು, ಆರು, ಏಳು ಇನ್ನೂ ಸೇಫು, ಯಾಕಂದ್ರೆ ಮೊದ್ಲು ಚೌಕಾ ಬಿದ್ದು ಆಮೇಲೆ ಇನ್ನೊಂದು ಸರಿಯಾಗಿ ಬೀಳ್ಬೇಕು. ಈ ಒಂದು ವಿಷಯ ನೆನಪಿಟ್ಕೊಂಡ್ರೆ ಸಾಕು, "ನಂಗ್ಯಾವಾಗ್ಲೂ ಕಡೀತಾರೆ" ಅನ್ನೋ ಗೋಳು ಎಷ್ಟೋ ಕಮ್ಮಿ ಆಗತ್ತೆ. ನಾನು ಅತ್ತಿಗೆ ಕಾಯಿಗೆ ಎರಡು ಮನೆ ಮುಂದೆ ಹೋಗಿ ನಿಂತಿದ್ದನ್ನ ದುರಾದೃಷ್ಟ ಅಂತ ಹೆಂಗೆ ಹೇಳ್ಲಿ?

ರಮ್ಮೀಲಿ ತಪ್ಪು ಬೇರೆ ಥರ. ಅಲ್ಲಿ ಸೇಡಲ್ಲ, ಹಠ. ಸಾಮಾನ್ಯವಾಗಿ ನಾವು ಆಡೋ ಲೆಕ್ಕ, ಶುರುವಲ್ಲೇ ಎಲೆ ಬಿಟ್ರೆ, ಅಂದ್ರೆ ಡ್ರಾಪ್ ಮಾಡಿದ್ರೆ, ತಲೆ ಮೇಲೆ 20 ಪಾಯಿಂಟ್, ಮಧ್ಯದಲ್ಲಿ ಬಿಟ್ರೆ 40, ಪ್ಯೂರ್ ಸೀಕ್ವೆನ್ಸ್ (ಜೋಕರ್ ಸಹಾಯ ಇಲ್ದೆ ಒಂದೇ ಜಾತೀಲಿ ಸಾಲಾಗಿ ಸೇರೋ ಎಲೆ) ಇಲ್ದೆ ಬೇರೆಯೋರು ಡಿಕ್ಲೇರ್ ಮಾಡಿದ್ರೆ ಎಲ್ಲಾ ಎಲೆ ಲೆಕ್ಕ, ಜಾಸ್ತಿ ಅಂದ್ರೆ 80. ಮೂರು ಆಟ ಸಾಲಾಗಿ ಹಾಳು ಎಲೆ ಬಂದಿರತ್ತೆ, ಮೂರೂ ಡ್ರಾಪ್ ಮಾಡಿರ್ತೀವಿ, ನಾಲ್ಕನೇ ಸಲನೂ ಜೋಕರ್ ಇಲ್ಲ, ಒಂದಕ್ಕೊಂದು ಸೇರೋ ಎಲೆ ಇಲ್ಲ, ರಾಜ ರಾಣಿ ಗುಲಾಮ ಮೂರೂ ಬೇರೆ ಬೇರೆ ಜಾತಿ. ಆದ್ರೂ "ಎಷ್ಟು ಅಂತ ಡ್ರಾಪ್ ಮಾಡೋದು, ನೋಡೇಬಿಡೋಣ" ಅಂತ ಆಡ್ತೀವಿ. ಇಲ್ಲಿ ಕೂತು ಲೆಕ್ಕ ಹಾಕಿ. ಇಂಥ ಕೈ ಹತ್ತು ಸಲ ಬಂತು ಅಂದ್ಕೊಳ್ಳಿ. ಹತ್ತು ಸಲನೂ ಬಿಟ್ರೆ 200. ಆಡಿ ಮೂರು ಗೆದ್ದು, ಏಳರಲ್ಲಿ ಸರಾಸರಿ 45ರ ಹಂಗೆ ಹೊಡೆಸ್ಕೊಂಡ್ರೆ 315. ಅಂಥ ಕೈಲಿ ಹತ್ತಕ್ಕೆ ಮೂರು ಗೆಲ್ಲೋದೂ ದೊಡ್ಡ ಮಾತು. ಹಿಂದಿನ ಮೂರು ಆಟ ಡ್ರಾಪ್ ಮಾಡಿದೀನಿ ಅನ್ನೋದಕ್ಕೂ ಈ ಕೈಗೂ ಸಂಬಂಧ ಏನು? ಏನೂ ಇಲ್ಲ. ಡ್ರಾಪ್ ಮಾಡೋದು ಹೇಡಿತನ ಅಂತ ನಮ್ಮ ಗ್ಯಾಂಗಲ್ಲಿ ಒಬ್ಬ ಹೇಳ್ತಾನೆ, ಮೊದ್ಲು ಔಟಾಗೋದೂ ಅವ್ನೇ.

ಇನ್ನೊಂದು, "ಒಂದೇ ಒಂದು ಎಲೆ ಬರ್ಲಿಲ್ಲ ಮಾರಾಯ" ಅಂತ ಹೇಳೋ ಮುಂಚೆ ಎಂಥ ಎಲೆಗೆ ಕಾಯ್ತಿದ್ರಿ ಅಂತ ನೋಡಿ. ಆಟೀನ್ ಆರು, ಎಂಟು ಇಟ್ಕೊಂಡು ಏಳಕ್ಕೆ ಕಾದ್ರೆ ಎರಡು ಪ್ಯಾಕಲ್ಲಿ ಇರೋದೇ ಎರಡು ಏಳು. ಅದೇ ಆರು, ಏಳು ಇಟ್ಕೊಂಡಿದ್ರೆ ಐದು ಬಂದ್ರೂ ಆಗತ್ತೆ ಎಂಟು ಬಂದ್ರೂ ಆಗತ್ತೆ, ಒಟ್ಟು ನಾಲ್ಕು. ಒಂದು ಏಳು ಆಗ್ಲೇ ಯಾರೋ ಎಸೆದಿದ್ರೆ ನೀವು ಕಾಯ್ತಿರೋದು ಒಂದೇ ಎಲೆಗೆ, ಅದೂ ಎದುರುಗಡೆಯೋರ ಕೈಲಿ ಇರ್ಬಹುದು. ಸಿಟ್ಟಲ್ಲಿರೋವಾಗ ಬಿದ್ದಿರೋ ಎಲೆ ನೋಡೋದನ್ನೇ ಬಿಟ್ಬಿಡ್ತೀವಿ, ಅದೇ ಹೋಗೋ ಮೊದಲ ಒಳ್ಳೇ ಅಭ್ಯಾಸ.

ಎಲೆ ಕಲಸೋದ್ರ ಬಗ್ಗೆನೂ ಒಂದು ಮಾತು. ಆಟ ಮುಗಿದಾಗ ಸೆಟ್ಟು ಸೀಕ್ವೆನ್ಸು ಹಂಗಂಗೇ ಒಂದ್ರ ಮೇಲೊಂದು ಬಿದ್ದಿರತ್ತೆ, ಎರಡು ಸಲ ಕಲಸಿದ್ರೆ ಬಿಡಿಸಿಕೊಳ್ಳಲ್ಲ. ಒಂದು ಪ್ಯಾಕಿನ 52 ಎಲೆ ಚೆನ್ನಾಗಿ ಬೆರೀಬೇಕು ಅಂದ್ರೆ ಎರಡು ಭಾಗ ಮಾಡಿ ಒಂದ್ರೊಳಗೊಂದು ತೂರಿಸಿ ಏಳು ಸಲನಾದ್ರೂ ಕಲಸ್ಬೇಕು ಅಂತ ಗಣಿತದೋರು ಲೆಕ್ಕ ಹಾಕಿ ತೋರ್ಸಿದಾರೆ. ನಮ್ಮದು ಎರಡು ಪ್ಯಾಕು. ಹಂಗಾಗಿ ದುರಾದೃಷ್ಟದ ಮೇಲೆ ಅನುಮಾನ ಬಂದ್ರೆ ಜಗಳ ಬೇಡ, "ನಾನು ಕಲಸ್ತೀನಿ ಕೊಡಿ" ಅಂತ ತಗೊಂಡು ನೆಲದ ಮೇಲೆ ಎಲ್ಲಾ ಹರಡಿ ಕಲಸಿ. ಕೈಗೂ ಕೆಲಸ, ತಲೆಗೂ ಐದು ನಿಮಿಷ ರೆಸ್ಟು.

ಐದನೇದು: ಪುರಾಣ ಹೇಳ್ಬೇಡಿ

ಒಂದ್ಸಲ "ಛೇ" ಅನ್ನಿ, ಸಾಕು. ಹಿಂಗಿತ್ತು, ಹಂಗೆ ಬಿದ್ದಿದ್ರೆ, ನಾನು ಆಗ್ಲೇ ಅಂದೆ, ಅಂತ ಶುರು ಮಾಡಿದ್ರೆ ಎರಡು ನಷ್ಟ. ಹೇಳ್ತಾ ಹೇಳ್ತಾ ನಿಮ್ಮ ಕೋಪ ಮತ್ತೆ ಬಿಸಿ ಆಗತ್ತೆ, ಜೊತೆಗೆ ಎದುರುಗಡೆಯೋರಿಗೆ ಇವ್ರು ಈಗ ತಲೆ ಕೆಟ್ಟು ಆಡ್ತಾರೆ ಅಂತ ಗೊತ್ತಾಗತ್ತೆ. ಮಕ್ಕಳ ಜೊತೆ ಆಡೋವಾಗಂತೂ ಜಾಸ್ತಿ ಹುಷಾರು, ಅವ್ರು ಆಟ ಕಲಿಯೋದು ಆಮೇಲೆ, ನಾವು ಸೋತಾಗ ಹೆಂಗಾಡ್ತೀವಿ ಅನ್ನೋದನ್ನ ಮೊದ್ಲು ಕಲೀತಾರೆ. ನನ್ನ ಮಗಳು ಆರು ಬೀಳ್ದಿದ್ದಾಗ ಲೂಡೋ ಬೋರ್ಡ್ ಎತ್ತಿ ಮಗುಚಿದ್ಲು, ಎಲ್ಲಿ ಕಲಿತಿದ್ದು ಅಂತ ನನ್ನ ಹೆಂಡ್ತಿ ಕೇಳ್ಲೂ ಇಲ್ಲ, ನನ್ನ ಕಡೆ ನೋಡಿದ್ಲು ಅಷ್ಟೇ.

ಆರನೇದು: ಆಟ ಮುಗಿದ್ಮೇಲೆ ಎರಡು ಸಾಲು

ಫೋನ್ ನೋಟ್ಸಲ್ಲಿ ಸಾಕು. ಈ ಆಟ ಯಾವ ಜಾಗದಲ್ಲಿ ತಿರುಗ್ತು? ಅಲ್ಲಿ ಕವಡೆ ಮಾಡಿದ್ದೇನು, ನಾನು ಮಾಡಿದ್ದೇನು? ಗೆದ್ದಾಗ್ಲೂ ಬರೀರಿ, ಇದನ್ನ ಯಾರೂ ಮಾಡಲ್ಲ. ಕೆಟ್ಟದಾಗಿ ಆಡಿ ಗೆದ್ದಿರ್ತೀವಿ, ಅದನ್ನ ಜಾಣತನ ಅಂತ ಜೇಬಿಗೆ ಹಾಕ್ಕೊಂಡು ಮುಂದಿನ ವಾರ ಅದನ್ನೇ ಮಾಡಿ ಸೋತು ಗ್ರಹಚಾರ ಅಂತೀವಿ. ಹತ್ತು ಆಟ ಬರೆದಾದ್ಮೇಲೆ ಓದಿ ನೋಡಿ. ನನ್ನ ನೋಟ್ಸಲ್ಲಿ ತಿರುಗಾ ತಿರುಗಾ ಕಾಣ್ತಿದ್ದ ಪದ "ಅತ್ತೆ".

ಏಳನೇದು: ಎದ್ದು ಬರೋ ಟೈಮು ಮೊದ್ಲೇ ಗೊತ್ತಿರ್ಲಿ

ಎಷ್ಟು ಆಟ, ಎಷ್ಟು ಗಂಟೆವರೆಗೆ ಅಂತ ಕೂರೋ ಮುಂಚೆ ಹೇಳ್ಬಿಡಿ, ಜೋರಾಗಿ, ಎಲ್ರಿಗೂ ಕೇಳೋ ಹಂಗೆ. ಸೋತ ಮೇಲೆ "ಇನ್ನೊಂದೇ ಒಂದು" ಅನ್ನೋದು ಹತ್ತು ಆಗತ್ತೆ. ಧರ್ಮರಾಯನಂಥ ಧರ್ಮರಾಯನೇ ಒಂದು ಸೋತು ಅದನ್ನ ವಾಪಸ್ ತಗೋಬೇಕು ಅಂತ ಅದಕ್ಕಿಂತ ದೊಡ್ಡದನ್ನ ಪಣಕ್ಕಿಡ್ತಾ ಹೋದ, ಅಲ್ಲಂತೂ ದಾಳ ಶಕುನಿ ಕೈಲಿತ್ತು ಬಿಡಿ.

ದುಡ್ಡಿಟ್ಟು ಆಡೋದ್ರ ಬಗ್ಗೆ ನಾನು ಟಿಪ್ಸ್ ಕೊಡಲ್ಲ. ದುಡ್ಡು ಕಟ್ಟಿ ಆನ್‌ಲೈನಲ್ಲಿ ಆಡೋ ಆಟಗಳನ್ನ ನಿಷೇಧಿಸೋ ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟಲ್ಲಿ ಪಾಸಾಗಿದೆ, ರಮ್ಮಿ ಬುದ್ಧಿವಂತಿಕೆ ಆಟ ಅನ್ನೋ ವಾದ ಅಲ್ಲಿ ನಡೆಯಲ್ಲ. ಕಾನೂನು ಒಂದ್ಕಡೆ ಇರ್ಲಿ, ಹೋದ ದುಡ್ಡು ತೆಗೀಬೇಕು ಅಂತ ರಾತ್ರಿ ನಿದ್ದೆಗೆಟ್ಟು ಆಡ್ತಿದೀರಾ, ಮನೇಲಿ ಸುಳ್ಳು ಹೇಳ್ತಿದೀರಾ, ಸಾಲ ಮಾಡಿದೀರಾ ಅಂದ್ರೆ ಉಸಿರು ಬಿಡೋದು, ನೋಟ್ಸ್ ಬರೆಯೋದು ಇದ್ಯಾವ್ದೂ ಸಾಕಾಗಲ್ಲ. 14416 ಟೆಲಿ ಮಾನಸ್‌ಗೆ ಫೋನ್ ಮಾಡಿ, ಸರ್ಕಾರದ್ದು, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನು, ಗೇಮು ಬಿಡೋಕಾಗದೆ ಒದ್ದಾಡೋರಿಗೆ ಅಂತ್ಲೇ ಶಟ್ ಕ್ಲಿನಿಕ್ ಅಂತ ಇದೆ, 2014ರಿಂದ ನಡೀತಿದೆ.

ಕೊನೇದಾಗಿ, ನಿಮ್ಮನೆ ಕವಡೆನ ಒಂದ್ಸಲ ಪರೀಕ್ಷೆ ಮಾಡಿ

ಮೇಲೆ ಹೇಳಿದ 16ರ ಲೆಕ್ಕ ಕವಡೆ ಎರಡೂ ಕಡೆ ಸಮವಾಗಿ ಬಿದ್ರೆ ಮಾತ್ರ. ನಿಜವಾದ ಕವಡೆ ಹಂಗೆ ಬೀಳಲ್ಲ, ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಹುಣಸೆ ಬೀಜ ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ ಆಡೋರು ಎಷ್ಟು ಉಜ್ಜಿದಾರೆ ಅನ್ನೋದ್ರ ಮೇಲೆ ಹೋಗತ್ತೆ. ಒಂದು ಭಾನುವಾರ ಕೂತು ನೂರು ಸಲ ಎಸೆದು ಗೀಟು ಹಾಕ್ತಾ ಹೋಗಿ, ಒಂದು ಎಷ್ಟು, ಎರಡು ಎಷ್ಟು, ಚೌಕಾ ಎಷ್ಟು, ಎಂಟು ಎಷ್ಟು. ಇಷ್ಟು ಮಾಡಿದ್ರೆ ಯಾವ ದೂರದಲ್ಲಿ ನಿಲ್ಬೇಕು ಅನ್ನೋದು ನಿಮ್ಮನೆ ಕವಡೆಗೇ ಸರಿಯಾಗಿ ಗೊತ್ತಾಗತ್ತೆ.

ನಾನು ಮಾಡ್ದೆ. ನಮ್ಮನೆ ಕವಡೇಲಿ ಎಂಟು ಬೀಳೋದು ಚೌಕಾಗಿಂತ ಎದ್ದು ಕಾಣೋ ಹಂಗೆ ಜಾಸ್ತಿ. ಅತ್ತೆಗೆ ಫೋನ್ ಮಾಡಿ ಹೇಳ್ದೆ. "ಅದು ನಂಗೆ ಮೂವತ್ತು ವರ್ಷದಿಂದ ಗೊತ್ತು ಕಣೋ, ನಿಮ್ಮಜ್ಜಿನೇ ಹೇಳ್ಕೊಟ್ಟಿದ್ದು" ಅಂದ್ರು.